ಮೂರನೇ ಅರ್ಜಿ

ಹಾಳಿ ನೆಟ್ಟಗ ಇಟ್ಕೋ ದಾಕ್ಷೂ,
ಫ್ಯಾನಿನ ಗಾಳಿಗೆ ಹಾರೀತು, ಮ್ಯಾಲ ಅರ್ಧಾ ಕಿಲೋದ ಕಲ್ಲ ಇಡು.
ತಾರೀಖ ಹಾಕು. ಹೋದ ಸಲ ತಾರೀಖ ಇರಲಿಲ್ಲಂತ
ಆ ಕ್ಲಾರ್ಕ ಅದನ್ನ ಡ್ರಾವರಿನ್ಯಾಗ ಮಲಗಿಸಿದ.
ಅದರ ಹಿಂದಿಂದು ಬಾಯಿಮಾತು.
ಬಾಯಿಮಾತಿಗೆ ಶಿಕ್ಕಾ ಬೀಳಂಗಿಲ್ಲ.

ಝುವಾರಿನಗರ, ವಾಸ್ಕೋ, ಅಂತ ಬರಿ.
ಮನಿ ನಂಬರ ಬಿಡು, ನಮಗಿನ್ನ ನಂಬರ ಬಂದಿಲ್ಲ.
ಹೆಡ್ ಟೀಚರಿಗೆ ನಮಸ್ಕಾರ.
ನನ್ನ ಮಗ ಶ್ರೀಶೈಲ, ನಾಕನೇತ್ತ, ಬಿ ಡಿವಿಜನ್,
ಅವನ್ನ ಒಮ್ಮೆ ಪರೀಕ್ಷಾ ಮಾಡಿಸ್ರಿ –
ಅಲ್ಲ, ಪರೀಕ್ಷಾ ಅನಬ್ಯಾಡ, ಪರೀಕ್ಷಾದಾಗ ಅವ ನಪಾಸೇ.
ಆ ಶಬ್ದ ಏನದು, ಫಿಲೋಮಿನಾ ನರ್ಸಬಾಯಿ ಹೇಳಿದ್ದು?
ಕಾಲ್ ಕಿಲೋ ಹಸಿಮೆಣಸಿನಕಾಯಿ ತಗೊಂಡು
ಚೀಟಿ ಮ್ಯಾಲ ಬರದ ಕೊಟ್ಟಾಳ ನೋಡು, ಅಸೆಸ್‌ಮೆಂಟ್.
ಅದನ್ನ ಹಾಕು. ಸ್ಪೆಲಿಂಗ್ ನೋಡಿ ಹಾಕು.

ಅಕ್ಕೋರು ಅಂತಾರ: ಮನ್ಯಾಗ ಕನ್ನಡ, ಓಣ್ಯಾಗ ಹಿಂದಿ,
ಸಾಲ್ಯಾಗ ಕೊಂಕಣಿ, ಇಂಗ್ಲಿಷು,
ಹುಡುಗ ಗಲಿಬಿಲಿ ಆಗ್ಯಾನ, ದೊಡ್ಡಾವ ಆದಂಗ ಸರಿ ಆಗತಾನ.
ನೀನೂ ಇದೇ ಮನ್ಯಾಗ ಬೆಳದಾಕಿ,
ನಿನಗ್ಯಾಕ ಗಲಿಬಿಲಿ ಆಗಲಿಲ್ಲ?
ಅದನ್ನ ಬರಿ. ನಾಚಬ್ಯಾಡ.

ಮತ್ತ ಇದನ್ನೂ: ದೀಪಾವಳಿ ಸೂಟ್ಯಾಗ
ನಿಮ್ಮ ಮಾವ ಗಜೇಂದ್ರಗಡದಿಂದ ಅಂಕಲಿಪಿ ತಂದಿದ್ದ.
ನಮ್ಮ ಅಕ್ಷರ, ಹಾಲು ಕುಡದ ಮಾತಿಂದು.
ಒಂದ ತಿಂಗಳ ಕುಂಡ್ರಿಸಿಕೊಂಡಿವಿ.
ಮ ಬರದ್ರ ವ ಅಂತಾನ, ವ ಬರದ್ರ ನನ್ನ ಮಾರಿ ನೋಡತಾನ.
"ಅವ್ವಾ, ಇವು ಕುಂಡ್ರಂಗಿಲ್ಲ" ಅಂದ, "ಎದ್ದ ಹೋಗತಾವ."
ಚಿಕಾಲಿಂ ದವಾಖಾನ್ಯಾಗ ಕಣ್ಣ ತೋರಿಸಿದಿವಿ.
ಕಣ್ಣ ಚೊಲೋ ಅದಾವ.

ಅವ ದಡ್ಡ ಅಲ್ಲ ಅಂತ ಬರೀಬ್ಯಾಡ,
ಎಲ್ಲಾ ತಾಯಂದ್ರೂ ಹಂಗ ಅಂತಾರ, ಓದಿದವರು ನಗತಾರ.
ಪುಸ್ತಕ ಅಕ್ಕಿ ಡಬ್ಬಿಯೊಳಗ ಹುಗದಿದ್ದ ಅಂತ ಬರಿ.
ನಾಕ ದಿನ ಹುಡುಕಿದಿವಿ. ನಾ ಹೊಡದೆ.
ಐದನೇ ದಿನ ಅಕ್ಕ್ಯಾಗ ಪಾವು ಹಾಕಿದ್ರ ರಟ್ಟು ಹತ್ತಿತು.
ಹೊಡದದ್ದು ಬಿಡು.
ಅಲ್ಲ, ಇರಲಿ. ಅದೂ ಇರಲಿ.

ಹದಿನಾಕ ವರ್ಷ ಬಜಾರದಾಗ ಉಳ್ಳಾಗಡ್ಡಿ ತೂಗೀನಿ.
ತೂಗದ ಬೆಲಿ ಹೇಳಿದ್ರ ಗಿರಾಕಿ ಬಿಡತಾರೇನು?
ಇವನ್ನ ಮಾತ್ರ ಕಣ್ಣಳತಿಲೇ
ಒಬ್ಬರು ಮೈಗಳ್ಳ ಅಂದ್ರು, ಒಬ್ಬರು ಮೊಂಡ ಅಂದ್ರು,
ನಿಮ್ಮಪ್ಪ, "ಪ್ಲಾಸ್ಟರ್ ಕೆಲಸಕ್ಕ ಬರ್ತಾನ ತಗೋ" ಅಂದ.
ಮೊದಲ ತೂಗ್ರಿ, ಅನ್ನೂದು ಇಷ್ಟ ನಂದು.
ಕಡಿಮಿ ಬಂದ್ರ ಬರಲಿ,
ಎಲ್ಲಿ ಕಡಿಮಿ ಅಂತರೆ ತಿಳೀಲಿ.

ಇದನ್ನ ಬರೀಬ್ಯಾಡ, ಪೆನ್ನ ಕೆಳಗಿಡು:
ನನಗೂ ಕುಂಡ್ರಲಿಲ್ಲ ದಾಕ್ಷೂ, ಅಕ್ಷರ.
ಎರಡನೇತ್ತಕ್ಕ ಎರಡ ಸಲ ಕುಂತೆ.
ಹುಡುಗಿ ಅಲ್ಲೇನ, ಹೊಲದಾಗ ಕಸಾ ತಗ್ಯಾಕ ಕಳಿಸಿದ್ರು.
ಎಲ್ಲಾರಿಗೂ ಅನುಕೂಲ ಆತು.
ಲೆಕ್ಕಾ ತಪ್ಪಂಗಿಲ್ಲ ನಾ. ಬಸ್ಸಿನ ಬೋರ್ಡ ಮಾತ್ರ
ಇವತ್ತಿಗೂ ಮಂದೀನ ಕೇಳತೀನಿ.

ಹಿಡಿ ಪೆನ್ನ. ಓದಿ ಹೇಳು, ಎಷ್ಟಾತು.
ಏನು, ನಾಕ ಸಾಲ?
ಇಷ್ಟೊತ್ತು ಹೇಳಿದ್ದು ಇಂಗ್ಲಿಷಿನ್ಯಾಗ ನಾಕ ಸಾಲ ಆತೇನ?
ಅಕ್ಕಿ ಡಬ್ಬಿ ಎಲ್ಲಿ ಹೋತು?
"ಅರ್ಜ್ಯಾಗ ಅದೆಲ್ಲಾ ಬರಿಯಂಗಿಲ್ಲವ್ವ."
ಆತು ಬಿಡು. ನೀ ಕಲತಾಕಿ.
ಅವನ ಹೆಸರ ಎರಡ ಸಲ ಕೇಳಿಸ್ತು, ಸಾಕು.
ನಾಳಿಗೆ ಎರಡ ಝೆರಾಕ್ಸ್. ಒಂದರ ಮ್ಯಾಲ
ಅವರ ಸಹಿ, ಶಿಕ್ಕಾ ಬೀಳೂತನಕ
ನಾ ಆಫೀಸಿನ ಬಾಗಲಾ ಬಿಟ್ಟ ಏಳಂಗಿಲ್ಲ,
ಉಳ್ಳಾಗಡ್ಡಿ ಮೊಳಕಿ ಒಡೀಲಿ ಬೇಕಾದ್ರ.

ಶ್ಶ್. ಎಚ್ಚರ ಅದಾನ ಅವ.
ಚಾದರದೊಳಗಿಂದ ಕೇಳತಾನ:
"ಅವ್ವಾ, ಅಲ್ಲೂ ಓದಾಕ ಹಚ್ಚತಾರೇನ?"
ಹೂಂ ಮಗಾ, ಹಚ್ಚತಾರ.
"ಎಲ್ಲಾರ ಮುಂದ?"

ದಾಕ್ಷೂ, ಹಾಳಿ ಹೊರಳಿಸು.
ಹಿಂದ ಜಾಗ ಐತೇನ ನೋಡು.